ಮರದ ಚಿತ್ರವೂ ಮಾರುವವನ ಮಾತೂ

ಮನೆಯ ಗೋಡೆಗೆ ಚಿತ್ರ ತೂಗುಹಾಕಬಹುದೇ ಎಂಬ ಪ್ರಶ್ನೆ ನಮ್ಮ ಕುಟುಂಬಗಳಲ್ಲಿ ಹೊಸತೇನಲ್ಲ. ಹೊಸ ಮನೆ ಕಟ್ಟಿಸಿದವರು, ಮದುವೆಗೆ ಉಡುಗೊರೆ ಹುಡುಕುವವರು, ಅಂಗಡಿಯ ಗೋಡೆ ಬೋಳಾಗಿ ಕಾಣುತ್ತದೆಂದು ಬೇಸರಪಡುವವರು ಒಂದಲ್ಲ ಒಂದು ದಿನ ಅದನ್ನು ಕೇಳಿಯೇ ಕೇಳುತ್ತಾರೆ. ಜೀವವಿರುವ ವಸ್ತುಗಳ ಚಿತ್ರದ ಬಗ್ಗೆ ವಿದ್ವಾಂಸರ ಚರ್ಚೆ ದೀರ್ಘವಾದದ್ದು. ಅದು ಈ ಲೇಖನದ ವಿಷಯವಲ್ಲ. ಮರ, ಬೆಟ್ಟ, ಹೊಳೆಗಳ ಚಿತ್ರಕ್ಕೆ ಅಡ್ಡಿಯಿಲ್ಲ ಎಂಬ ಉತ್ತರ ಸಿಕ್ಕಿದ ಕೂಡಲೇ ನಾವು ನಿಶ್ಚಿಂತರಾಗಿ ಅಂಗಡಿಗೆ ಹೋಗುತ್ತೇವೆ. ಆದರೆ ಚಿತ್ರ ಹಲಾಲ್ ಆದ ಮಾತ್ರಕ್ಕೆ ಅದರ ವ್ಯಾಪಾರವೂ ಹಲಾಲ್ ಆಯಿತೇ? ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಮೊದಲ ಉತ್ತರಕ್ಕೆ ಆಧಾರವಾಗಿರುವ ಘಟನೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಒಬ್ಬ ವ್ಯಕ್ತಿ ಹ. ಇಬ್ನು ಅಬ್ಬಾಸ್(ರ)ರ ಬಳಿಗೆ ಬಂದು, ತನ್ನ ಜೀವನೋಪಾಯ ಕೈಕೆಲಸದಿಂದಲೇ ನಡೆಯುತ್ತದೆ, ತಾನು ಚಿತ್ರಗಳನ್ನು ಮಾಡುವವನು ಎಂದು ಹೇಳಿಕೊಂಡನು. ಚಿತ್ರ ರಚಿಸುವವರ ಬಗ್ಗೆ ಪ್ರವಾದಿವರ್ಯರು(ಸ) ನೀಡಿದ್ದ ಎಚ್ಚರಿಕೆಯನ್ನು ಇಬ್ನು ಅಬ್ಬಾಸ್(ರ) ಅವನಿಗೆ ತಿಳಿಸಿದಾಗ ಅವನ ಮುಖ ಬಿಳಿಚಿಕೊಂಡಿತು. ಆಗ ಅವರು, ಈ ಕೆಲಸವನ್ನು ಬಿಡಲಾಗದಿದ್ದರೆ ಮರಗಳ ಮತ್ತು ಆತ್ಮವಿಲ್ಲದ ವಸ್ತುಗಳ ಚಿತ್ರವನ್ನು ಮಾಡು ಎಂದು ದಾರಿ ತೋರಿಸಿದರು. ಇದು ಸಹೀಹ್ ಬುಖಾರಿಯಲ್ಲಿದೆ. ಫಲ ಬಿಡುವ ಮರದ ಚಿತ್ರವನ್ನು ತಾಬಿಈ ವಿದ್ವಾಂಸ ಮುಜಾಹಿದ್ ಮೆಚ್ಚುತ್ತಿರಲಿಲ್ಲ ಎಂಬ ಉಲ್ಲೇಖವಿದೆಯಾದರೂ ಬಹುಪಾಲು ವಿದ್ವಾಂಸರು ಮರದ ಚಿತ್ರದಲ್ಲಿ ದೋಷ ಕಂಡಿಲ್ಲ.

ಮುಸ್ಲಿಮರ ಕಲೆಯಲ್ಲಿ ಮರಕ್ಕೆ ದೊರೆತ ಸ್ಥಾನವೂ ಇದನ್ನೇ ಹೇಳುತ್ತದೆ. ಕ್ರಿ.ಶ. 715ರ ಸುಮಾರಿಗೆ ಪೂರ್ಣಗೊಂಡ ದಮಾಸ್ಕಸ್‌ನ ಉಮಯ್ಯದ್ ಮಸೀದಿಯ ಗೋಡೆಗಳಲ್ಲಿ ಬಣ್ಣದ ಹರಳುಗಳಿಂದ ಜೋಡಿಸಿದ ಎತ್ತರದ ಮರಗಳಿವೆ, ಹರಿಯುವ ನೀರಿದೆ, ಮನೆಗಳಿವೆ. ಮನುಷ್ಯನಾಗಲಿ ಪ್ರಾಣಿಯಾಗಲಿ ಇಲ್ಲ. 1573ರ ಸುಮಾರಿಗೆ ನಿರ್ಮಾಣವಾದ ಅಹ್ಮದಾಬಾದಿನ ಸೀದಿ ಸಯ್ಯಿದ್ ಮಸೀದಿಯ ಕಲ್ಲಿನ ಜಾಲರಿಯಲ್ಲಿ ಹೆಣೆದುಕೊಂಡು ಹಬ್ಬಿದ ಮರ ಲೋಕಪ್ರಸಿದ್ಧವಾಗಿದೆ. ಆ ನಗರದ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಲಾಂಛನಕ್ಕೂ ಅದೇ ಮರ ಪ್ರೇರಣೆಯಾಗಿದೆ.

ಆ ಚಿತ್ರಗಾರನ ಮಾತಿನಲ್ಲಿ ನಾವು ಗಮನಿಸದೆ ದಾಟಿಹೋಗುವ ಒಂದು ಸಂಗತಿಯಿದೆ. ಅವನು ಮಾರುತ್ತಿದ್ದುದು ತನ್ನ ಕೈಯ ಕೆಲಸವನ್ನು. ಕೊಳ್ಳುವವನಿಗೂ ಅದು ಗೊತ್ತಿತ್ತು. ಇಂದು ಗೋಡೆಗೆ ಬರುವ ಮರದ ಚಿತ್ರ ಹೆಚ್ಚಾಗಿ ಕೈಯಿಂದ ಬಂದದ್ದಲ್ಲ, ಯಂತ್ರದಿಂದ ಬಂದದ್ದು. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಪುಡಿಯ ಚಿತ್ರ

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಬಗೆಯ ಚಿತ್ರವನ್ನು ಎತ್ತಿಕೊಳ್ಳೋಣ. ಪೇಸ್ಟಲ್ ಎಂಬ ಬಣ್ಣದ ಕಡ್ಡಿಯನ್ನು ನೋಡಿದವರಿರಬಹುದು. ಬಣ್ಣದ ನುಣ್ಣನೆಯ ಪುಡಿಗೆ ಸೀಮೆಸುಣ್ಣದಂತಹ ಬಿಳಿಯ ಪುಡಿಯನ್ನು ಬೆರೆಸಿ, ಅಂಟಿಕೊಳ್ಳಲು ಬೇಕಾಗುವಷ್ಟೇ ಅತಿ ಕಡಿಮೆ ಗೋಂದು ಹಾಕಿ, ಕಡ್ಡಿಯಾಗಿ ಉರುಟಿ ಒಣಗಿಸುತ್ತಾರೆ. ಮೃದು ಪೇಸ್ಟಲ್‌ನಲ್ಲಿ ಎಣ್ಣೆಯಿಲ್ಲ. ಆದ್ದರಿಂದ ಎಣ್ಣೆ ಬಣ್ಣ ವರ್ಷಗಳುರುಳಿದಂತೆ ಹಳದಿಯಾಗುವ ಹಾಗೆ ಇದು ಆಗುವುದಿಲ್ಲ. ತರಿತರಿಯಾದ ಕಾಗದದ ಮೇಲೆ ಎಳೆದಾಗ ಪುಡಿ ಆ ತರಿಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಬೆಳಕು ಆ ಕಣಗಳ ಮೇಲೆ ಬಿದ್ದು ಚದುರುವುದರಿಂದ ಎಲೆಗಳ ನಡುವಿನ ಬಿಸಿಲು, ಮುಂಜಾನೆಯ ಮಂಜು ಮೊದಲಾದವು ಪೇಸ್ಟಲ್‌ನಲ್ಲಿ ಬಹಳ ಚೆನ್ನಾಗಿ ಮೂಡುತ್ತವೆ.

ಇದರ ದೌರ್ಬಲ್ಯವೂ ಅಲ್ಲಿಯೇ ಇದೆ. ಬೆರಳು ತಾಗಿದರೆ ಚಿತ್ರ ಕದಡುತ್ತದೆ. ಪುಡಿ ಉದುರದಂತೆ ಮೇಲೆ ಅಂಟುದ್ರವ ಸಿಂಪಡಿಸಿದರೆ ಬಣ್ಣ ಮಂಕಾಗುತ್ತದೆ. ಗಾಜಿನ ಹಿಂದೆ, ಗಾಜಿಗೆ ತಾಗದಂತೆ ಎಡೆ ಬಿಟ್ಟು ಇಡಬೇಕು. ಹೀಗಾಗಿ ಮೂಲ ಚಿತ್ರ ಒಂದೇ, ಅದು ದುಬಾರಿ, ಸಾಗಿಸುವುದೂ ಕಷ್ಟ. ಆದ್ದರಿಂದ ಕಲಾವಿದ ಅದನ್ನು ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ ಅಚ್ಚುಪ್ರತಿಗಳನ್ನು, ಅಂದರೆ ಪ್ರಿಂಟ್‌ಗಳನ್ನು ತೆಗೆಸುತ್ತಾನೆ. ಮೂಲಚಿತ್ರ ಒಬ್ಬ ಸಿರಿವಂತನ ಮನೆ ಸೇರಿದರೂ ಪ್ರಿಂಟ್ ಒಬ್ಬ ಶಿಕ್ಷಕನ ಮನೆಗೂ ಬರಬಹುದು.

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಕುರ್‌ಆನಿನ ಪ್ರತಿಗಳನ್ನೇ ನೋಡಿ. ಶತಮಾನಗಳ ಕಾಲ ಅವುಗಳನ್ನು ಕೈಯಲ್ಲೇ ಬರೆಯಲಾಗುತ್ತಿತ್ತು. 1924ರಲ್ಲಿ ಕೈರೋದಲ್ಲಿ ಅಚ್ಚಾದ ಪ್ರತಿ ಲೋಕದ ಮೂಲೆಮೂಲೆಗೆ ಮಾದರಿಯಾಯಿತು. ಅಚ್ಚಿನ ಮುಸ್‌ಹಫ್ ಕೈಬರಹದ ಮುಸ್‌ಹಫ್‌ಗಿಂತ ಓದಲು ಕೀಳೆಂದು ಯಾರೂ ಹೇಳುವುದಿಲ್ಲ. ಆದರೆ ಅಚ್ಚಿನ ಪ್ರತಿಯನ್ನು ಕೈಬರಹವೆಂದು ಹೇಳಿ ಮಾರಿದವನನ್ನು ನಾವು ವಂಚಕನೆಂದೇ ಕರೆಯುತ್ತೇವೆ. ಪ್ರತಿ ಮಾಡುವುದು ಅಪರಾಧವಲ್ಲ. ಪ್ರತಿಯನ್ನು ಮೂಲವೆಂದು ನಂಬಿಸುವುದು ಅಪರಾಧ.

ನೇರಳೆ ಮರ ಸುಳ್ಳು ಹೇಳುವುದಿಲ್ಲ

ಕೆಲವರು ಇನ್ನೊಂದು ಆಕ್ಷೇಪ ಎತ್ತುತ್ತಾರೆ. ಚಿತ್ರವೇ ಒಂದು ಸುಳ್ಳಲ್ಲವೇ, ಇಲ್ಲದ ಮರವನ್ನು ಇದ್ದಂತೆ ತೋರಿಸುವುದಿಲ್ಲವೇ ಎನ್ನುತ್ತಾರೆ. ಸುಳ್ಳು ಎಂದರೇನು ಎಂಬುದನ್ನು ಸರಿಯಾಗಿ ತಿಳಿಯದೆ ಎತ್ತುವ ಆಕ್ಷೇಪವಿದು.

ವುಲ್ಫ್ ಕಾನ್ ಎಂಬ ಕಲಾವಿದ 1927ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಹುಟ್ಟಿದವನು. ಯಹೂದಿ ಕುಟುಂಬದ ಆ ಬಾಲಕ ನಾಝಿಗಳ ಕೈಯಿಂದ ಪಾರಾಗಿ ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ತಲುಪಿದನು. 2020ರಲ್ಲಿ ತೀರಿಕೊಳ್ಳುವವರೆಗೂ ಅವನು ಎಣ್ಣೆ ಬಣ್ಣದಲ್ಲಿಯೂ ಪೇಸ್ಟಲ್‌ನಲ್ಲಿಯೂ ಮರಗಳನ್ನು ಬಿಡಿಸಿದನು. ವರ್ಮಾಂಟ್ ರಾಜ್ಯದ ತನ್ನ ತೋಟದ ಸುತ್ತಲಿನ ಕಾಡೇ ಅವನ ಮುಖ್ಯ ವಸ್ತು. ಆದರೆ ಅವನ ಮರಗಳು ಕೆಲವೊಮ್ಮೆ ನೇರಳೆ, ಕೆಲವೊಮ್ಮೆ ಕಿತ್ತಳೆ, ಕೆಲವೊಮ್ಮೆ ಕಡುಗುಲಾಬಿ. ಅಂತಹ ಮರ ಯಾವ ಕಾಡಿನಲ್ಲಿದೆ?

ಹಾಗಿದ್ದರೂ ಅವನ ಚಿತ್ರದಿಂದ ಯಾರಿಗೂ ಮೋಸವಾಗಿಲ್ಲ. ಮರ ನೇರಳೆಯೆಂದು ಅವನು ಯಾರನ್ನೂ ನಂಬಿಸಲಿಲ್ಲ, ನೋಡಿದವರು ನಂಬಲೂ ಇಲ್ಲ. ಸಂಜೆಯ ಬೆಳಕಿನಲ್ಲಿ ತನಗೆ ಕಂಡದ್ದನ್ನು ಅವನು ಬಣ್ಣದಲ್ಲಿ ಹೇಳಿದ. ನೋಡುವವನು ಅದನ್ನು ಹಾಗೆಯೇ ಸ್ವೀಕರಿಸಿದ. ಇಬ್ಬರಿಗೂ ಒಪ್ಪಂದ ಗೊತ್ತಿದೆ. ಸುಳ್ಳು ಹುಟ್ಟುವುದು ಬಣ್ಣದಲ್ಲಲ್ಲ, ಎದುರಿನವನ ಮನಸ್ಸಿನಲ್ಲಿ ತಪ್ಪು ನಂಬಿಕೆಯನ್ನು ಬೇಕೆಂದೇ ಬಿತ್ತುವುದರಲ್ಲಿ. ಚಿತ್ರದಲ್ಲಿರುವ ನೇರಳೆ ಮರ ಸುಳ್ಳಾಡುವುದಿಲ್ಲ. ಅದರ ಕೆಳಗೆ ಅಂಟಿಸಿದ ಚೀಟಿ ಸುಳ್ಳಾಡಬಲ್ಲದು.

ಚೀಟಿಯ ಸುಳ್ಳುಗಳು

ಪ್ರಿಂಟ್ ವ್ಯಾಪಾರದಲ್ಲಿ ಸತ್ಯ ಜಾರಿಹೋಗುವ ಜಾಗಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಹೆಸರು. 1991ರಲ್ಲಿ ಅಮೆರಿಕದಲ್ಲಿ ಜಾಕ್ ಡುಗಾನ್ ಎಂಬ ಮುದ್ರಣಕಾರ ಕಲಾಚಿತ್ರಗಳ ಇಂಕ್‌ಜೆಟ್ ಪ್ರಿಂಟ್‌ಗಳಿಗೆ 'ಝೀಕ್ಲೇ' ಎಂಬ ಹೆಸರನ್ನು ರೂಢಿಗೆ ತಂದನು. ಚಿಮುಕಿಸುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಪದವದು. ಇಂಕ್‌ಜೆಟ್ ಎಂದರೆ ಕೊಳ್ಳುವವರು ಕಚೇರಿಯ ಯಂತ್ರವನ್ನು ನೆನೆದು ಮುಖ ಸಿಂಡರಿಸಿಯಾರು ಎಂಬುದೇ ಹೊಸ ಹೆಸರಿಗೆ ಕಾರಣ. ಹೆಸರಿಡುವುದು ಪಾಪವಲ್ಲ. ಆದರೆ ಆ ಪದದ ಅರ್ಥ ತಿಳಿಯದ ಗಿರಾಕಿಯ ಮುಂದೆ ಅದನ್ನು ಉಚ್ಚರಿಸಿ, ಅದೇನೋ ವಿಶೇಷ ಕೈಕೆಲಸವಿರಬೇಕೆಂದು ಅವನು ಭಾವಿಸುವಂತೆ ಮಾಡಿ ಸುಮ್ಮನಿರುವುದು ಪಾಪವೇ.

ಎರಡನೆಯದು ಕೈಯ ಸ್ಪರ್ಶ. ಗುಡಿಸಲು, ತೊರೆ, ಮರಗಳ ದೃಶ್ಯಗಳಿಂದ ಪ್ರಸಿದ್ಧನಾದ ಅಮೆರಿಕದ ಥಾಮಸ್ ಕಿಂಕೇಡ್ (1958-2012) ಎಂಬವನ ಪ್ರಿಂಟ್‌ಗಳ ಮೇಲೆ ತರಬೇತಾದ ಕೆಲಸಗಾರರು ಅಲ್ಲಲ್ಲಿ ಬಣ್ಣ ಹಚ್ಚುತ್ತಿದ್ದರು. ಅಂತಹ ಪ್ರತಿಗಳಿಗೆ ಬೆಲೆ ಹೆಚ್ಚು. ಕೈ ಆಡಿಸಿದ್ದು ಯಾರು, ಎಷ್ಟು ಎಂದು ಕೊಳ್ಳುವವನಿಗೆ ತಿಳಿದಿದ್ದರೆ ಅದು ಅವನ ಇಷ್ಟ. ತಿಳಿಸದೆ ಮಾರಿದರೆ ಮಾತ್ರ ವಿಷಯ ಬೇರೆ. ಅಚ್ಚಿನ ಮೇಲೆ ಕೈಕೆಲಸ ಮಾಡುವುದೇ ತಪ್ಪೆಂದು ಯಾರೂ ತಿಳಿಯಬಾರದು. ಫ್ರಾನ್ಸಿನ ಪ್ರಸಿದ್ಧ ಕಲಾವಿದ ದೆಗಾ 1892ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದ ನಿಸರ್ಗದೃಶ್ಯಗಳಲ್ಲಿ ಹಲವು, ಮೊದಲು ಅಚ್ಚು ಒತ್ತಿ ಅದರ ಮೇಲೆ ಪೇಸ್ಟಲ್ ಎಳೆದು ಮಾಡಿದಂಥವು. ಅಲ್ಲಿ ಅಚ್ಚೂ ಅವನದೇ, ಕೈಯೂ ಅವನದೇ.

ಮೂರನೆಯದು ಸಂಖ್ಯೆ. ಪ್ರಿಂಟಿನ ಕೆಳಗೆ ಪೆನ್ಸಿಲಿನಲ್ಲಿ 12/100 ಎಂದು ಬರೆದಿರುತ್ತದೆ. ತೆಗೆದದ್ದು ನೂರೇ ಪ್ರತಿ, ಇದು ಹನ್ನೆರಡನೆಯದು ಎಂದು ಅದರ ಅರ್ಥ. ಪ್ರತಿಗಳು ಕಡಿಮೆಯೆಂಬ ಕಾರಣಕ್ಕೇ ಬೆಲೆ ಏರುತ್ತದೆ. ಯಂತ್ರಕ್ಕಾದರೋ ನೂರೂ ಒಂದೇ, ಸಾವಿರವೂ ಒಂದೇ. ತಡೆದು ನಿಲ್ಲಿಸಿರುವುದು ಮಾರುವವನ ಮಾತು ಮಾತ್ರ. ಹೀಗಾಗಿ ಕೊಳ್ಳುವವನು ಹಣ ಕೊಡುವುದು ಕಾಗದಕ್ಕಿಂತ ಹೆಚ್ಚಾಗಿ ಒಂದು ವಚನಕ್ಕೆ. ನೂರು ತೀರಿದ ಬಳಿಕ ಅಳತೆಯನ್ನು ತುಸು ಬದಲಿಸಿ ಇನ್ನೊಂದು ನೂರು ತೆಗೆದರೆ, ಕಲಾವಿದನ ಸ್ವಂತ ಪ್ರತಿ ಎಂಬ ಹೆಸರಿನಲ್ಲಿ ಇನ್ನಷ್ಟು ಮಾರಿದರೆ, ಆ ಅಮಾನತ್ ಏನಾಯಿತು? ಖ್ಯಾತ ಕಲಾವಿದ ಸಾಲ್ವಡೊರ್ ಡಾಲಿ ಸಹಿ ಹಾಕಿದ್ದ ಸುಮಾರು 40,000 ಖಾಲಿ ಹಾಳೆಗಳಿದ್ದ ವಾಹನವನ್ನು 1974ರಲ್ಲಿ ಫ್ರಾನ್ಸಿನ ಅಧಿಕಾರಿಗಳು ಗಡಿಯಲ್ಲಿ ತಡೆದಿದ್ದರು. ಚಿತ್ರ ಇನ್ನೂ ಅಚ್ಚಾಗಿಲ್ಲ, ಸಹಿ ಮಾತ್ರ ಸಿದ್ಧ! ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ ಇಂತಹ ಪ್ರತಿಗಳನ್ನು ಮಾರುವಾಗ ಅವುಗಳ ವಿವರವನ್ನು ಬರಹದಲ್ಲಿ ಕೊಡಬೇಕೆಂದು ಕಾನೂನೇ ಇದೆ.

ನಾಲ್ಕನೆಯದು ಬಾಳಿಕೆ. ಕೆಲವು ಶಾಯಿಗಳು ನೀರಿನಲ್ಲಿ ಕರಗಿದ ಬಣ್ಣದವು, ಬಿಸಿಲಿಗೆ ಬೇಗ ಮಾಸುತ್ತವೆ. ಕೆಲವು ಕರಗದ ಬಣ್ಣದ ಕಣಗಳಿಂದಾದವು, ಹೆಚ್ಚು ಕಾಲ ಉಳಿಯುತ್ತವೆ. ಕಾಗದದಲ್ಲಿ ಆಮ್ಲವಿದ್ದರೆ ಅದು ಹಳದಿಗಟ್ಟುತ್ತದೆ. ಕೊಂಡ ದಿನ ಎರಡೂ ಒಂದೇ ತರಹ ಹೊಳೆಯುತ್ತವೆ. ವ್ಯತ್ಯಾಸ ಮಾರುವವನಿಗೆ ಮಾತ್ರ ಗೊತ್ತು.

ಧಾನ್ಯದ ರಾಶಿಯೊಳಗೆ ಕೈ

ಈ ನಾಲ್ಕಕ್ಕೂ ಶರೀಅತ್‌ನ ಉತ್ತರ ಹದಿನಾಲ್ಕು ಶತಮಾನಗಳ ಹಿಂದೆಯೇ ಸಿಕ್ಕಿದೆ. ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಾಗಿತು. ಮಳೆಯಲ್ಲಿ ನೆನೆಯಿತು ಎಂದು ವ್ಯಾಪಾರಿ ಕಾರಣ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲ್ಗಡೆ ಯಾಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂದು ಅವರು ಎಚ್ಚರಿಸಿದರು. ಗಮನಿಸಿ, ಧಾನ್ಯ ನೆನೆದುದಕ್ಕೆ ಅವನನ್ನು ಗದರಿಸಲಿಲ್ಲ. ಮಳೆ ಅವನ ಕೈಯಲ್ಲಿರಲಿಲ್ಲ. ನೆನೆದ ಧಾನ್ಯವನ್ನು ಮಾರಬಾರದೆಂದೂ ಹೇಳಲಿಲ್ಲ. ಮೇಲಿಡು ಎಂದರು, ಅಷ್ಟೆ. ಪ್ರಿಂಟ್ ಮಾರುವವನಿಗೂ ಇದೇ ನಿಯಮ. ಪ್ರಿಂಟ್ ಎಂಬುದನ್ನು ಮೇಲಿಡು.

"ನಾನು ಸುಳ್ಳು ಹೇಳಲಿಲ್ಲವಲ್ಲ, ಅವನು ಕೇಳಲೂ ಇಲ್ಲ" ಎಂದು ಕೆಲವರು ವಾದಿಸಬಹುದು. ಇದಕ್ಕೆ ಇನ್ನೊಂದು ಹದೀಸ್ ಉತ್ತರಿಸುತ್ತದೆ. ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಕೆಚ್ಚಲು ತುಂಬಿಸಿ, ಹೆಚ್ಚು ಹಾಲು ಕೊಡುವ ಪ್ರಾಣಿಯಂತೆ ತೋರಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು. ಹಾಗೆ ಕೊಂಡವನಿಗೆ ಪ್ರಾಣಿಯನ್ನು ಹಿಂತಿರುಗಿಸುವ ಹಕ್ಕನ್ನೂ ಕೊಟ್ಟರು. ಅಲ್ಲಿ ಮಾರುವವನು ಒಂದು ಸುಳ್ಳು ಮಾತನ್ನೂ ಆಡಿರಲಿಲ್ಲ. ಕೆಚ್ಚಲೇ ಅವನ ಪರವಾಗಿ ಸುಳ್ಳಾಡಿತ್ತು. ಫಿಕ್ಹ್ ವಿದ್ವಾಂಸರು ಇದನ್ನು ತದ್ಲೀಸ್ ಎನ್ನುತ್ತಾರೆ. ಪ್ರಿಂಟಿನ ಮೇಲೆ ಅಲ್ಲೊಂದು ಇಲ್ಲೊಂದು ಪೇಸ್ಟಲ್ ಗೀಟೆಳೆದು, ಪುಡಿ ಬೆರಳಿಗೆ ಹತ್ತುವಂತೆ ಮಾಡಿ ಮಾತನಾಡದೆ ನಿಲ್ಲುವವನಿಗೂ ಕೆಚ್ಚಲು ಕಟ್ಟಿದವನಿಗೂ ಏನು ವ್ಯತ್ಯಾಸ?

ಹಾಗೆಂದು ಶರೀಅತ್ ವ್ಯಾಪಾರಿಯ ಮೇಲೆ ಹೊರಲಾಗದ ಹೊರೆ ಹೊರಿಸಿಲ್ಲ. ಸಾಮಾನ್ಯ ವ್ಯಾಪಾರದಲ್ಲಿ ಅಸಲೆಷ್ಟು, ಲಾಭವೆಷ್ಟು ಎಂದು ಅವನು ಹೇಳಬೇಕಾಗಿಲ್ಲ. ವಸ್ತು ಏನು, ಅದರಲ್ಲಿ ಏನು ಕೊರತೆಯಿದೆ ಎಂಬುದನ್ನು ಹೇಳಬೇಕು. ಲಾಭ ಅವನದು, ಸತ್ಯ ಇಬ್ಬರದೂ.

ಯಾರಿಗೆ ನಷ್ಟ?

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಒಬ್ಬನು ಪ್ರಿಂಟನ್ನು ಕೈಯಿಂದ ಬರೆದ ಚಿತ್ರವೆಂದು ನಂಬಿ ಕೊಂಡನು ಎಂದಿಟ್ಟುಕೊಳ್ಳೋಣ. ಮನೆಯ ಗೋಡೆಗೆ ಹಾಕಿದನು. ದಿನಾ ಬೆಳಿಗ್ಗೆ ಆ ಮರಗಳನ್ನು ನೋಡಿ ಸಂತೋಷಪಟ್ಟನು. ಸಾಯುವವರೆಗೂ ಅವನಿಗೆ ನಿಜ ತಿಳಿಯಲೇ ಇಲ್ಲ. ಅವನ ಸಂತೋಷ ನಿಜವಾಗಿತ್ತು, ಮರಗಳ ಅಂದವೂ ನಿಜವಾಗಿತ್ತು. ಹಾಗಾದರೆ ಅವನಿಗೆ ಆದ ನಷ್ಟವೇನು?

ಇದನ್ನು ತೇಲಿಸಿಬಿಡಬಾರದು. ನೋವಾಗದಿದ್ದರೆ ತಪ್ಪಿಲ್ಲ ಎಂಬುದು ಇಂದು ಬಹಳ ಮಂದಿಯ ನೀತಿಶಾಸ್ತ್ರವಾಗಿದೆ. ಮೊದಲನೆಯದಾಗಿ, ಅವನು ಹೆಚ್ಚು ಹಣ ತೆತ್ತಿದ್ದಾನೆ. ತಿಳಿಯದಿದ್ದರೂ ಹಣ ಹೋದದ್ದು ಹೋದದ್ದೇ. ಎರಡನೆಯದಾಗಿ, ಅದೇ ಸಾಲಿನ ಇನ್ನೊಂದು ಮಳಿಗೆಯಲ್ಲಿ ನಿಜವಾಗಿಯೂ ಕೈಯಿಂದ ಬರೆದು, ವಾರಗಟ್ಟಲೆ ಕುಳಿತು, ಬೆರಳ ತುದಿಯಲ್ಲಿ ಪುಡಿ ತೀಡಿದ ಒಬ್ಬ ಕಲಾವಿದನಿದ್ದಾನೆ. ಪ್ರಿಂಟ್ ಕೈಕೆಲಸವೆಂಬ ಹೆಸರಿನಲ್ಲಿ ಅರ್ಧ ಬೆಲೆಗೆ ಸಿಕ್ಕುವಾಗ ಅವನ ಚಿತ್ರ ಯಾರಿಗೆ ಬೇಕು? ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಂತಹ ಕಡೆ, ರಸ್ತೆಯ ಇಕ್ಕೆಲದಲ್ಲಿ ಚಿತ್ರ ಹರಡಿ ಬಿಸಿಲಿನಲ್ಲಿ ಕುಳಿತವರನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು. ವಂಚನೆಯಲ್ಲಿ ಕೊಳ್ಳುವವನಿಗೆ ನೋವಾಗದಿರಬಹುದು. ಸತ್ಯವಾಗಿ ಮಾರುವವನ ಅನ್ನಕ್ಕೆ ಮಾತ್ರ ಕಲ್ಲು ಬೀಳುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವ್ಯಾಪಾರವು ಪರಸ್ಪರ ಒಪ್ಪಿಗೆಯಿಂದಲೇ ನಡೆಯಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಅರಿಯದ ವಿಷಯಕ್ಕೆ ಒಪ್ಪಿಗೆ ಎಂಬುದಿದೆಯೇ? ಆ ವ್ಯಕ್ತಿ ಒಪ್ಪಿದ್ದು ಕೈಯ ಚಿತ್ರಕ್ಕೆ, ಅವನಿಗೆ ಸಿಕ್ಕಿದ್ದು ಯಂತ್ರದ ಚಿತ್ರ. ಅವನು ತೀರ್ಮಾನಿಸಬೇಕಾದ ಜಾಗದಲ್ಲಿ ಮಾರುವವನು ಅವನ ಬದಲು ತೀರ್ಮಾನಿಸಿದನು. ಹಣಕ್ಕಿಂತ ಮೊದಲು ಕಳವಾದುದು ಆ ಹಕ್ಕು. ಅವನಿಗೆ ತಿಳಿಯದೇ ಹೋದರೂ ಅಲ್ಲಾಹನಿಗೆ ತಿಳಿದಿದೆ. ಅಳತೆಯಲ್ಲಿ ಕಡಿತ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯ ಆರಂಭವಾಗುತ್ತದೆ. ತಕ್ಕಡಿಯಲ್ಲಿ ತೂಗುವ ವಸ್ತುಗಳಿಗೆ ಮಾತ್ರ ಅದು ಅನ್ವಯವೆಂದು ತಿಳಿಯುವವನು ಅದನ್ನು ಸರಿಯಾಗಿ ಓದಿಲ್ಲ.

ಇಮಾಮ್ ಅಬೂ ಹನೀಫಾ(ರ) ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ಅವರ ಪಾಲುದಾರರು ಒಮ್ಮೆ ದೋಷವಿದ್ದ ಬಟ್ಟೆಯನ್ನು, ದೋಷ ತಿಳಿಸಲು ಮರೆತು ಮಾರಿಬಿಟ್ಟರು. ಕೊಂಡವನು ಯಾರೆಂದು ಪತ್ತೆಯಾಗಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರೆಂದು ಅವರ ಜೀವನ ಚರಿತ್ರೆಕಾರರು ಬರೆದಿದ್ದಾರೆ. ಕೊಂಡವನು ದೂರು ಹೇಳಿರಲಿಲ್ಲ. ಅವನಿಗೆ ಬಟ್ಟೆ ಇಷ್ಟವಾಗಿಯೂ ಇದ್ದೀತು. ಆದರೆ ಇಮಾಮರು ನಷ್ಟವನ್ನು ಗಿರಾಕಿಯ ಮುಖದಲ್ಲಿ ಹುಡುಕಲಿಲ್ಲ, ತನ್ನ ಕೈಯಲ್ಲಿದ್ದ ಹಣದಲ್ಲಿ ಕಂಡರು.

ಬರೆದವನ ಹಕ್ಕು

ಇನ್ನೊಂದು ಬಗೆಯ ಮೋಸ ನಮ್ಮ ಪೇಟೆಗಳಲ್ಲಿ ಬಹಳ ಸುಲಭವಾಗಿದೆ. ಯಾರೋ ದೂರದೇಶದವರು ಬರೆದ ಮರದ ಚಿತ್ರವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡು, ದೊಡ್ಡ ಹಾಳೆಗೆ ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ ಮಾರುವುದು. ಬರೆದವನಿಗೆ ಬಿಡಿಗಾಸೂ ಇಲ್ಲ, ಹೆಸರೂ ಇಲ್ಲ. "ಮರವನ್ನು ಸೃಷ್ಟಿಸಿದವನು ಅಲ್ಲಾಹ್, ಅದಕ್ಕೆ ಇವನೆಂಥ ಒಡೆಯ?" ಎಂದು ಕೇಳುವವರಿದ್ದಾರೆ. ಗೋಧಿಯನ್ನು ಬೆಳೆಸುವವನೂ ಅಲ್ಲಾಹನೇ. ಹಾಗೆಂದು ರೈತನ ಕಣದಿಂದ ಹೊತ್ತೊಯ್ಯಬಹುದೇ? ಮರ ಅಲ್ಲಾಹನದು. ಅದನ್ನು ಕಾಗದಕ್ಕಿಳಿಸಿದ ದುಡಿಮೆ ಆ ಮನುಷ್ಯನದು.

ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಫಿಕ್ಹ್ ಅಕಾಡೆಮಿಯು 1988ರಲ್ಲಿ ಕುವೈತ್‌ನಲ್ಲಿ ಸೇರಿ, ಕೃತಿ ಮತ್ತು ಆವಿಷ್ಕಾರಗಳ ಮೇಲಿನ ಹಕ್ಕುಗಳು ಶರೀಅತ್‌ನಲ್ಲಿ ರಕ್ಷಿತ, ಅವುಗಳನ್ನು ಅತಿಕ್ರಮಿಸಬಾರದು ಎಂದು ನಿರ್ಣಯಿಸಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಕಲಾವಿದನ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷಗಳ ಕಾಲ ಈ ಹಕ್ಕನ್ನು ಕಾಯುತ್ತದೆ. ಮೂಲ ಚಿತ್ರವನ್ನು ಹಣ ಕೊಟ್ಟು ಕೊಂಡ ಮಾತ್ರಕ್ಕೆ ಅದರ ಪ್ರಿಂಟ್ ತೆಗೆದು ಮಾರುವ ಹಕ್ಕು ಬರುವುದಿಲ್ಲ. ಚಿತ್ರ ಕೊಳ್ಳುವುದು ಬೇರೆ, ಕೃತಿಸ್ವಾಮ್ಯ ಕೊಳ್ಳುವುದು ಬೇರೆ. ಸುಳ್ಳು ವಿವರಣೆ ನೀಡಿ ಸರಕು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಅನುಚಿತ ವ್ಯಾಪಾರವೇ. ಕಾನೂನಿಗೆ ಸಿಕ್ಕಿಬೀಳುವ ಭಯವಿಲ್ಲದ ಕಡೆಯೂ ಸತ್ಯವಿಶ್ವಾಸಿಗೆ ಒಂದು ಭಯವಿರಬೇಕಲ್ಲವೇ?

ಕೊಳ್ಳುವವರಿಗೂ ಒಂದು ಮಾತು

ಎಲ್ಲ ಭಾರವನ್ನು ವ್ಯಾಪಾರಿಯ ಮೇಲೆ ಹೊರಿಸಿ ನಾವು ಪಾರಾಗುವಂತಿಲ್ಲ. ಅವನು ಪ್ರಿಂಟನ್ನು ಮೂಲವೆಂದು ಹೇಳುವುದು ಯಾಕೆ? ಗೋಡೆಯ ಮೇಲಿನ ವಸ್ತುವಿನಿಂದ ನೆಂಟರ ಮುಂದೆ ದೊಡ್ಡವರಾಗಬೇಕೆಂಬ ನಮ್ಮ ಹಂಬಲವನ್ನು ಅವನು ಬಲ್ಲ. ಪ್ರಿಂಟ್ ಎಂದು ತಿಳಿದೇ ಕೊಂಡು, ಮನೆಗೆ ಬಂದವರ ಮುಂದೆ ಕೈಯಿಂದ ಬರೆಸಿದ್ದೆಂದು ಹೇಳಿಕೊಳ್ಳುವವರಿಲ್ಲವೇ? ಅಲ್ಲಿ ವ್ಯಾಪಾರಿಯ ಚೀಟಿಯ ಕೆಲಸವನ್ನು ನಮ್ಮ ನಾಲಿಗೆಯೇ ಮಾಡುತ್ತದೆ. ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ.

ಪ್ರಿಂಟ್ ತೂಗುಹಾಕುವುದರಲ್ಲಿ ನಾಚಿಕೆಯೇನಿಲ್ಲ. ಸಾಮಾನ್ಯ ಸಂಬಳದ ಮನೆಯಲ್ಲಿ ಒಂದು ಒಳ್ಳೆಯ ಮರದ ಚಿತ್ರವಿದ್ದು, ಮಗು ಅದರ ಮುಂದೆ ನಿಂತು ಎಲೆಗಳ ನಡುವಿನ ಬೆಳಕನ್ನು ನೋಡುವುದಾದರೆ ಅದು ಸಾರ್ಥಕ. ಆದರೆ ಕೊಳ್ಳುವ ಮೊದಲು ಕೇಳಬೇಕು. ಇದು ಮೂಲವೇ, ಪ್ರಿಂಟೇ? ಬರೆದವರು ಯಾರು? ಅವರ ಅನುಮತಿಯಿದೆಯೇ? ಎಷ್ಟು ಪ್ರತಿ ತೆಗೆದಿದ್ದಾರೆ? ಎಂತಹ ಶಾಯಿ, ಎಂತಹ ಕಾಗದ? ಕೇಳಿದ್ದಕ್ಕೆ ಮುನಿಸಿಕೊಳ್ಳುವ ವ್ಯಾಪಾರಿಯಿಂದ ಕೊಳ್ಳದಿರುವುದೇ ಲೇಸು. ಮಾರುವವನಾದರೆ, ಈ ಐದು ಪ್ರಶ್ನೆಗಳ ಉತ್ತರವನ್ನು ಕೇಳುವ ಮೊದಲೇ ಚಿತ್ರದ ಬೆನ್ನಿಗೆ ಬರೆದಿಡಲಿ. ಅದಕ್ಕೆ ಬೇಕಾದುದು ಒಂದು ಸಣ್ಣ ಚೀಟಿ ಮತ್ತು ನಾಲ್ಕು ಸಾಲು.

ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ಎಲ್ಲವನ್ನೂ ಸ್ಪಷ್ಟಪಡಿಸಿದರೆ ಅವರ ವ್ಯವಹಾರದಲ್ಲಿ ಬರಕತ್ ಉಂಟಾಗುತ್ತದೆ, ಅಡಗಿಸಿ ಸುಳ್ಳಾಡಿದರೆ ಆ ಬರಕತ್ ಅಳಿಸಿಹೋಗುತ್ತದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಇಬ್ನು ಅಬ್ಬಾಸ್(ರ) ಆ ಚಿತ್ರಗಾರನಿಗೆ ಮರವನ್ನು ತೋರಿಸಿ ಅವನ ಜೀವನೋಪಾಯವನ್ನು ಉಳಿಸಿಕೊಟ್ಟರು. ಹಾಗೆ ದೊರೆತ ಅನುಮತಿಯನ್ನು ನಾವು ಒಂದು ಚೀಟಿಯ ಸುಳ್ಳಿಗಾಗಿ ಕೆಡಿಸಿಕೊಳ್ಳದಿರೋಣ. ಸತ್ಯ ಹೇಳಿ ಮಾರುವ ಮತ್ತು ಸತ್ಯ ತಿಳಿದು ಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ.